ನೆಲವಿಲ್ಲದ ಬಿರುಗಾಳಿ

ಗೋಕುಲಂ, ಮೈಸೂರು
೨೫-೬-೧೯೯೫

ಪ್ರೀತಿಯ ತಮ್ಮ ಅಮರೇಶನಿಗೆ,

‘ಪರಮಪೂಜ್ಯರ ಸನ್ನಿಧಿಗೆ’ ಎಂದು ಬರೆದು ಹೊಡೆದುಹಾಕಿದೆ. ಮಠದ ಪೀಠದಲ್ಲಿ ಕೂತವರಿಗೆ ಪೂರ್ವಾಶ್ರಮದ ಹೆಸರು ಹಿಡಿದು ಬರೆಯಬಾರದೆಂದು ಬಲ್ಲೆ. ಅದಕ್ಕೇ ಅಂಚೆಗೆ ಹಾಕದೆ, ಅಮಾವಾಸ್ಯೆಗೆಂದು ಮಠಕ್ಕೆ ಹೊರಟಿರುವ ಪಕ್ಕದ ಮನೆಯ ಕರಿಬಸವಯ್ಯನವರ ಕೈಯಲ್ಲಿ ಕೊಡುತ್ತಿದ್ದೇನೆ. ಹೇಗಿದ್ದೀಯಪ್ಪ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯಾ? ನಿನ್ನ ಮಳೆಗಾಲದ ಕೆಮ್ಮು ಈ ವರ್ಷವೂ ಬಂತೇ? ನಾನು ಚೆನ್ನಾಗಿದ್ದೇನೆ. ಕಾಲೇಜು ಶುರುವಾಗಿದೆ, ನನ್ನ ಹಳೆಗನ್ನಡದ ತರಗತಿಯಲ್ಲಿ ಎಂದಿನಂತೆ ಅರ್ಧ ಜನ ತೂಕಡಿಸುತ್ತಾರೆ. ಅವ್ವನ ವಿಷಯ ಕೊನೆಗೆ ಬರೆಯುತ್ತೇನೆ.

ನೆನಪಿದೆಯೇ, ನೀನು ಎಂ.ಎಸ್ಸಿ. ಓದುತ್ತಿದ್ದಾಗ ನೆಪ್ಚೂನ್ ಗ್ರಹದ ಚಿತ್ರವಿದ್ದ ಪತ್ರಿಕೆಯನ್ನು ಅಡುಗೆಮನೆಗೇ ಹಿಡಿದುಕೊಂಡು ಬಂದದ್ದು? ನೀಲಿಯ ನಡುವೆ ಒಂದು ಕಪ್ಪು ಮಚ್ಚೆ. ಅದೊಂದು ಬಿರುಗಾಳಿ, ನಮ್ಮ ಭೂಮಿಯಷ್ಟು ದೊಡ್ಡದು ಎಂದೆ ನೀನು. ಅವ್ವ ಅಕ್ಕಿರೊಟ್ಟಿ ತಟ್ಟುತ್ತಲೇ "ಅಲ್ಲಿ ಜನ ಅವ್ರೇನೋ?" ಎಂದಳು. ಯಾರೂ ಇಲ್ಲ ಎಂದೆ. "ಮತ್ಯಾರ್ ಮೇಲ್ ಬೀಸ್ತದೋ ಅದು!" ನಾವಿಬ್ಬರೂ ಎಷ್ಟು ನಕ್ಕೆವು. ಆ ಕಾರ್ತಿಕದಲ್ಲೇ ನಿನಗೆ ಪಟ್ಟವಾಯಿತು.

ಮೊನ್ನೆ ಓದಿದೆ, ಆ ಮಚ್ಚೆ ಈಗ ಇಲ್ಲವಂತೆ. ದೂರದರ್ಶಕ ಮತ್ತೆ ಅತ್ತ ತಿರುಗುವಷ್ಟರಲ್ಲಿ, ಯಾರೂ ನೋಡದಿದ್ದಾಗ, ಕರಗಿಹೋಗಿದೆ. ಗುರುಗ್ರಹದ ಕೆಂಪು ಬಿರುಗಾಳಿ ಮಾತ್ರ ಮುನ್ನೂರು ವರ್ಷದಿಂದ ಸುತ್ತುತ್ತಲೇ ಇದೆಯಂತೆ. ನಮ್ಮ ಸಮುದ್ರದ ಚಂಡಮಾರುತ ದಡಕ್ಕೆ ಬಡಿದು, ಮರ ಮನೆ ಕೆಡವಿ, ಸುಸ್ತಾಗಿ ಅಡಗುತ್ತದೆ. ಅಲ್ಲಿ ಬಡಿಯಲು ನೆಲವೇ ಇಲ್ಲ. ಓದುತ್ತಾ ಅವ್ವನ ಮುಖ ಕಣ್ಣಿಗೆ ಕಟ್ಟಿತು. ನೀನು ತೀರಿಕೊಂಡಿದ್ದರೆ, ಬಿಡ್ತು ಅನ್ನು, ಊರೆಲ್ಲ ಬಂದು ಅವಳ ಜೊತೆ ಅಳುತ್ತಿತ್ತು. ನೀನು ಸ್ವಾಮಿಯಾದೆ, ಊರೆಲ್ಲ ಹಾರ ತಂದಿತು, ಪುಣ್ಯವಂತೆ ಎಂದಿತು. ಅವಳಿಗೆ ಅಳಲು ಒಂದು ಜಾಗ ಸಿಗಲಿಲ್ಲ.

ಹೋದ ವರ್ಷ ಇಲ್ಲಿ ಭಕ್ತರೊಬ್ಬರ ಮನೆಗೆ ಪಾದಪೂಜೆಗೆ ಬಂದೆಯಲ್ಲ, ಅವ್ವನೂ ಸಾಲಿನಲ್ಲಿ ನಿಂತು ನಿನ್ನ ಪಾದಕ್ಕೆ ನೀರೆರೆದಳು. ಎಲ್ಲರನ್ನೂ ಕೇಳಿದಂತೆ ಅವಳನ್ನೂ "ಕ್ಷೇಮವೇ ತಾಯಿ?" ಎಂದು ಕೇಳಿದೆ. ನಿನ್ನ ತಪ್ಪೆನ್ನುವುದಿಲ್ಲ, ನಿಯಮ ಹಾಗಿದೆ. ಮನೆಗೆ ಬಂದವಳು ಸೀರೆಯನ್ನೂ ಬದಲಿಸದೆ ಕೂತಳು. "ಮಗೀಗೆ ಹಿಮ್ಮಡಿಯೆಲ್ಲಾ ಒಡ್ದೋಗದೆ ಕಣೇ. ನನ್ ಬೆರಳಿಗೇ ಗೀರ್ತು" ಎಂದಳು. ಅಷ್ಟೇ. ಮಾರನೆಯ ದಿನ ಮೇಣ ಕರಗಿಸಿ, ಎಳ್ಳೆಣ್ಣೆ ಬೆರೆಸಿ ಡಬ್ಬಿಗೆ ತುಂಬಿದಳು. ಸ್ವಾಮಿಗಳಿಗೆ ಇಂಥದ್ದನ್ನು ಹೇಗೆ ಕಳಿಸುವುದೆಂದು ತಿಳಿಯದೆ ಅದು ಗೂಡಿನಲ್ಲೇ ಉಳಿಯಿತು. ಇವತ್ತು ಕರಿಬಸವಯ್ಯನವರ ಚೀಲಕ್ಕೆ ಹಾಕಿದ್ದೇನೆ. ಮಲಗುವಾಗ ಹಚ್ಚಿಕೋ.

ನಿನ್ನ ಆಶೀರ್ವಾದ ಬೇಡಿ ಮುಗಿಸಬೇಕಾದ್ದು ಕ್ರಮ. ಆದರೆ ಕೈ ಹಿಡಿದು ನಿನಗೆ ನಡೆಯಲು ಕಲಿಸಿದವಳು ನಾನು. ನನ್ನದೇ ಆಶೀರ್ವಾದ ತೆಗೆದುಕೋ.

ನಿನ್ನ ಅಕ್ಕ,
ಸರ್ವಮಂಗಳ

ತಾ.ಕ.: ಕರಿಬಸವಯ್ಯನವರು ಬಾಗಿಲಲ್ಲಿ ನಿಂತಿದ್ದಾರೆ. ಶಿವರಾತ್ರಿಯಿಂದ ಅವ್ವನಿಗೆ ಕಣ್ಣು ಪೂರ್ತಿ ಹೋಗಿದೆ. ಮೂತ್ರಪಿಂಡವೂ ಕೆಟ್ಟಿದೆ, ಶ್ರಾವಣ ದಾಟುವುದು ಕಷ್ಟ ಎಂದಿದ್ದಾರೆ ಡಾಕ್ಟರು. ಅವಳಿಗೀಗ ಕಾವಿಯೂ ಒಂದೇ, ಬಿಳಿಯೂ ಒಂದೇ. ಒಂದು ಸಲ ಬಾ. ಹಾಸಿಗೆಯ ಪಕ್ಕ ಕೂತು "ಅವ್ವಾ" ಎಂದುಬಿಡು. ಈ ಮನೆಯಲ್ಲಿ ಕಾವಿ ಕಾಣುವ ಕಣ್ಣು ನನ್ನವು ಮಾತ್ರ. ನೀನು ಬಂದಾಗ ನಾನು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿರುತ್ತೇನೆ.