ನಿನ್ನ ಕೋಣೆಯ ನೆರಳು

೧೮ ಫೆಬ್ರವರಿ

ಪ್ರೀತಿಯ ಗುಬ್ಬಿ,

ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯದೆ ಕೂತಿದ್ದ ಈ ಅಣ್ಣನನ್ನು ಮೊದಲು ಬೈದುಬಿಡು, ಆಮೇಲೆ ಓದು. ಪೆನ್ನು ಸಿಗಲಿಲ್ಲ ಎಂದರೆ ನೀನು ನಂಬುವವಳಲ್ಲ. ನಿನ್ನ ಅತ್ತಿಗೆಯ ಮಂಡಿನೋವು ಕಡಿಮೆಯಾಗಿದೆ. ಬಾಡಿಗೆ ಕೋಣೆಗೆ ಕಿಟಕಿಯಿಲ್ಲ, ಹಾಡುಹಗಲೇ ಬಲ್ಬು ಹಾಕಿ ಹೊಲಿಯುತ್ತೇನೆ ಎಂದು ನೀನು ಬರೆದಿದ್ದನ್ನು ಅವಳು ನನಗೆ ಕೇಳಿಸಲೆಂದೇ ಗಟ್ಟಿಯಾಗಿ ಓದಿದಳು.

ನಮ್ಮ ಸೋಲಾರ್ ಈಗ ದಿನಕ್ಕೆ ಹದಿನಾಲ್ಕು ಯೂನಿಟ್ ಕೊಡುತ್ತಿದೆ. ಒಂಬತ್ತಕ್ಕೇ ನಿಂತಿದ್ದಾಗ ನಾನು ಆಡಿದ ಆಟ ನೆನಪಿದೆಯಲ್ಲ? ಎಂಟು ಪ್ಯಾನೆಲ್ ಒಂದೇ ಸಾಲಿನಲ್ಲಿವೆ, ಮಂಚ ಹೊತ್ತ ಎಂಟು ಜನರಲ್ಲಿ ಒಬ್ಬ ಸೋತರೂ ಎಲ್ಲರೂ ನಿಧಾನವಾಗಬೇಕಲ್ಲ, ಹಾಗೆ ಒಂದು ಪ್ಯಾನೆಲಿಗೆ ನೆರಳು ಬಿದ್ದರೂ ಎಲ್ಲವೂ ಕುಗ್ಗುತ್ತವೆ, ಟೆರೇಸಿನ ಮೇಲಿನ ನಿನ್ನ ಹೊಲಿಗೆ ಕೋಣೆಯ ನೆರಳೇ ಇದಕ್ಕೆಲ್ಲ ಮೂಲ ಎಂದು ಭಾಷಣ ಬಿಗಿದೆ. ನೀನು ಸೂಜಿಗೆ ದಾರ ಪೋಣಿಸುತ್ತಲೇ, "ನೆರಳು ಬೀಳೋದು ಮೂರು ಗಂಟೆ ಮೇಲೆ ಅಲ್ವಾ? ಬೆಳಿಗ್ಗೆನೂ ಯಾಕೆ ಕಡಿಮೆ ಬರತ್ತೆ?" ಎಂದು ಕೇಳಿದೆ. ಮೂವತ್ತು ವರ್ಷ ವೈರು ಎಳೆದವನಿಗೆ ಪಾಠವೇ? "ಹೊಲಿಯೋಳು ಹೊಲಿಗೆ ನೋಡ್ಕೋ" ಎಂದು ನಿನ್ನ ಬಾಯಿ ಮುಚ್ಚಿಸಿದೆ. ಕೋಣೆ ಕೆಡವಿಸಿದೆ. ಹೆಚ್ಚಿದ್ದು ಅರ್ಧ ಯೂನಿಟ್.

ಹೋದ ವಾರ ಸಾಲಿನ ಜೋಡಣೆಗಳನ್ನೆಲ್ಲ ಒಂದೊಂದಾಗಿ ಬಿಚ್ಚಿ ನೋಡಿದೆ. ಮೂರನೆಯ ಪ್ಯಾನೆಲಿನ ಅಡಿಯಲ್ಲಿ ಒಂದು ಕನೆಕ್ಟರ್ ಕಪ್ಪಗೆ ಸುಟ್ಟು ಕರಗಿತ್ತು. ಒಳಗೆ ವೈರನ್ನು ಸರಿಯಾಗಿ ಅದುಮಿರಲಿಲ್ಲ. ಅದುಮಬೇಕಿದ್ದವನು ಯಾರು? ನಾನೇ. ಹೊಸದು ಹಾಕಿ, ಪ್ಯಾನೆಲ್‌ಗಳ ಧೂಳು ಒರೆಸಿದೆ, ಮರುದಿನವೇ ಹದಿನಾಲ್ಕು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಿನ್ನ ಅಣ್ಣ ಅಷ್ಟಕ್ಕೇ ನಿಲ್ಲದೆ ನೆಲವನ್ನೇ ಅಗೆಸಿಬಿಟ್ಟ.

ತಪ್ಪಾಯಿತು, ಗುಬ್ಬಿ. ಕೋಣೆಯನ್ನು ಮತ್ತೆ ಕಟ್ಟಿಸುತ್ತೇನೆ, ಪೂರ್ವಕ್ಕೊಂದು ದೊಡ್ಡ ಕಿಟಕಿಯಿಟ್ಟು. ನೆರಳು ಬಿದ್ದರೆ ಬೀಳಲಿ. ನೀನಿಲ್ಲದ ಮನೆಯಲ್ಲಿ ಹದಿನಾಲ್ಕು ಯೂನಿಟ್ ಇಟ್ಟುಕೊಂಡು ನಾವಿಬ್ಬರು ಏನು ಮಾಡೋಣ? ಬರುತ್ತೀಯಾ?

ನಿನ್ನ ಕಣ್ಣು ತಂಪಾಗಿರಲಿ, ಕೈ ಚುರುಕಾಗಿರಲಿ, ನೂರು ವರ್ಷ ಬಾಳು.

ನಿನ್ನ ಮೊಂಡ ಅಣ್ಣ

ವಿ.ಸೂ.: ಇದನ್ನು ನಿನ್ನ ಅತ್ತಿಗೆಗೂ ಹೇಳಿಲ್ಲ. ಹೋದ ವಾರ ಎಂದದ್ದು ಸುಳ್ಳು. ಕೋಣೆ ಕೆಡವಿದ ಮೂರನೆಯ ದಿನ, ನೀನು ಮನೆ ಬಿಟ್ಟು ಹೊರಟು ನಿನ್ನ ಹೊಲಿಗೆ ಮಷೀನನ್ನು ಗಾಡಿಗೆ ಹತ್ತಿಸುತ್ತಿದ್ದಾಗಲೇ, ಆ ಸುಟ್ಟ ಕನೆಕ್ಟರ್ ನನ್ನ ಅಂಗಿಯ ಜೇಬಿನಲ್ಲಿತ್ತು. "ಏನಾದ್ರೂ ಹೇಳೋದಿದ್ಯಾ ಅಣ್ಣಾ?" ಎಂದು ನೀನು ಎರಡು ಸಲ ಕೇಳಿದೆ. "ಮಷೀನು ಹುಷಾರು" ಎಂದೆ.