ಬಣ್ಣ ಹಚ್ಚದ ಗಾಜು

ಮಾರ್ಚ್ ೩, ಮಧ್ಯಾಹ್ನ

ಬೆಳಿಗ್ಗೆಯಿಂದ ಗಾಜಿನ ತುಂಡು ಜೋಡಿಸುವ ಸೀಸದ ಪಟ್ಟಿ ಬಾಗಿಸಿದ್ದೇ ಆಯಿತು. ಚರ್ಚಿನ ದೊಡ್ಡ ಕಿಟಕಿ, ಬಣ್ಣದ ಗಾಜಿನ ಕ್ರಿಸ್ತ... ಮುಗಿಯುತ್ತಾ ಬಂತು. ನಕ್ಷೆ ಪೂರ್ತಿ ಮಾವನದು. ಅವರ ಮಗನಿಗೆ, ಅಂದರೆ ನಮ್ಮ ಮನೆಯವರಿಗೆ, ಗಾಜು ಕಂಡರೆ ಆಗದು, ಬಸ್ ಓಡಿಸುತ್ತಾರೆ. ಹಾಗಾಗಿ ಕಸುಬು ಸೊಸೆಯ ಪಾಲಿಗೆ ಬಂತು. ಬೇಸರವೇನಿಲ್ಲ.

ಫಾದರ್ ಬಂದಿದ್ದರು. ಕ್ರಿಸ್ತನ ತಲೆಯ ಸುತ್ತ ಬಣ್ಣವಿಲ್ಲದ್ದು ಕಂಡು ಹುಬ್ಬು ಗಂಟಿಕ್ಕಿದರು.

"ಇಲ್ಲಿ ಹಳದಿ ಬರಬೇಕಲ್ವಾ?"

"ಇಲ್ಲ ಫಾದರ್, ಬರೀ ಗಾಜು," ಎಂದರು ಮಾವ.

"ದೇವರ ಬೆಳಕು ಅಂತ ಜನಕ್ಕೆ ಗೊತ್ತಾಗ್ಬೇಕಲ್ಲ!"

"ದೇವರ ಬೆಳಕಿಗೆ ನಾವೇನ್ ಬಣ್ಣ ಬಳಿಯೋದು?"

ಮಾವನದು ಹಠ ಅಂದರೆ ಹಠ. ತಲೆ ಕೆಟ್ಟಿತು. ಒಳಗೊಳಗೇ ಹೆಮ್ಮೆಯೂ ಆಯಿತು.

ಮಾರ್ಚ್ ೫, ಸಂಜೆ

ಮಾವನನ್ನು ನೋಡಿ ಕಣ್ಣಿನ ಡಾಕ್ಟರ್ ಕೈಚೆಲ್ಲಿದರು. ಹೋದ ದೃಷ್ಟಿ ಬರುವುದಿಲ್ಲ, ಇರುವುದೂ ಬೇಗ ಹೋಗುತ್ತದೆ.

ಊಟಕ್ಕೆ ಮುಂಚೆ ಮಾವನ ಪ್ರಾರ್ಥನೆ. ಅನ್ನಕ್ಕೆ ಥ್ಯಾಂಕ್ಸ್, ಮಗನ ಬಸ್ಸಿಗೆ ಥ್ಯಾಂಕ್ಸ್, ನಮ್ಮ ಗಾಜಿನಂಗಡಿಯ ಬೆಕ್ಕಿಗೂ ಥ್ಯಾಂಕ್ಸ್. ಕಣ್ಣಿನ ಮಾತೇ ಇಲ್ಲ! ರೇಗಿತು.

"ಕಣ್ಣು ಕೊಡು ಅಂತ ಕೇಳೋಕೇನು ದಾಡಿ?"

"ದಿನಾ ಕೇಳ್ತೀನಮ್ಮ, ಮನಸ್ಸಲ್ಲೇ. ಜೋರಾಗಿ ಕೇಳಿದ್ರೆ ನೀನು ಅಳ್ತೀಯಲ್ಲ."

ಅತ್ತೇಬಿಟ್ಟೆ. ಎಂಥ ಮನುಷ್ಯ ಇವರು.

ಮಾರ್ಚ್ ೧೯

ಎರಡು ವಾರ ಬರೆದಿಲ್ಲ. ಬರೆಯುವುದೇನು... ಮಾವನಿಗೆ ಈಗ ಕೆಂಪು ಯಾವುದು, ನೀಲಿ ಯಾವುದು ತಿಳಿಯುವುದಿಲ್ಲ. ನಾನು ಕತ್ತರಿಸುತ್ತೇನೆ, ಅವರು ಅಂಚು ಸವರಿ "ಇಲ್ಲಿ ಒರಟು" ಎನ್ನುತ್ತಾರೆ. ಒಮ್ಮೆಯೂ ತಪ್ಪಿಲ್ಲ.

ಫಾದರ್ ಫೋನ್. "ಹಳದಿನೇ ಹಾಕಿಬಿಡಮ್ಮ. ಅವರಿಗೆ ಯಾಕೆ ಹೇಳ್ಬೇಕು, ಪಾಪ." ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ನೋಡೋಣ ಅಂದೆ.

ಹಳದಿ ಕತ್ತರಿಸಿಟ್ಟೆ. ಮಾವ ಪಕ್ಕದಲ್ಲೇ ಕುಳಿತಿದ್ದರು.

ಮಾರ್ಚ್ ೨೭

ಕಿಟಕಿ ಕೂರಿಸಿದೆವು. ಹಳದಿಯದೇ. ಸುಳ್ಳೇಕೆ, ಚೆನ್ನಾಗಿಯೇ ಇತ್ತು. ಫಾದರ್ ಖುಷಿಯಿಂದ ಕೆಳಗೆ ಬಂದು ನಿಂತರು, ಮುಖದ ಮೇಲೆ ಬೆಳಕು ಬಿತ್ತು — ಕಾಮಾಲೆ ಬಂದವರಂತೆ ಕಂಡರು! ನಗು ತಡೆದೆ.

ಮಾವ ಮುಂದಿನ ಬೆಂಚಿನಲ್ಲಿದ್ದರು. "ಬೆಚ್ಚಗಾಯ್ತು. ಕೈ ಮೇಲೆ ಬಿದ್ದಿದೆಯಾ?"

"ಹೂಂ ಮಾವ."

"ನನ್ನ ಕೈ ಹೇಗಿದೆ ಹೇಳು. ನೋಡಿ ಎಷ್ಟು ದಿನ ಆಯ್ತು."

ನೋಡಿದೆ. ಬರೀ ಹಳದಿ. ಕೈ ಕಾಣಲೇ ಇಲ್ಲ, ಬಣ್ಣ ಕಂಡಿತು. ಅವರು ಕೊನೆಯ ಕೆಲಸದಲ್ಲಿ ಬೇಡಿಕೊಂಡಿದ್ದು ಇದೊಂದನ್ನೇ, ಅದನ್ನೇ ಕಿತ್ತುಕೊಂಡಿದ್ದೆ.

"ಹಳದಿ ಹಾಕಿದ್ರಾ?" ಕೋಪವಿಲ್ಲ. "ನೀನು ಸುಮ್ಮನಾದಾಗಲೇ ಗೊತ್ತಾಯ್ತು."

ಫಾದರ್ ನೆಲ ನೋಡಿದರು. ಆಮೇಲೆ ಹೋಗಿ ತಾವೇ ಏಣಿ ತಂದರು.

ಮಾರ್ಚ್ ೨೮, ಬೆಳಿಗ್ಗೆ

ಈಗಷ್ಟೇ ಚರ್ಚಿನಿಂದ ಬಂದೆವು. ನಿನ್ನೆ ಸಂಜೆಯೇ ಬದಲಿಸಿ ಕೂರಿಸಿದ ಬಣ್ಣವಿಲ್ಲದ ಗಾಜು, ಅದೇ ಬೆಂಚು. ಬಿಸಿಲು ಬಂದಾಗ ಕಿಟಕಿ ನೋಡುವುದನ್ನೇ ಮರೆತೆ. ಫಾದರ್‌ರ ಬಿಳಿ ಗಡ್ಡ, ಬೆಂಚಿನ ಗೀರುಗಳು, ಮಾವನ ತೇವವಾದ ಕಣ್ಣು... ಇದ್ದದ್ದೆಲ್ಲ ಇದ್ದ ಹಾಗೇ ಕಂಡಿತು. ಇಷ್ಟು ವರ್ಷ ದೇವರ ಬೆಳಕು ಎಂದರೆ ಬೆಳಕನ್ನೇ ನೋಡುವುದು ಎಂದುಕೊಂಡಿದ್ದೆ.

"ಈಗ ಹೇಳು," ಎಂದು ಕೈ ಚಾಚಿದರು.

ಹೇಳಿದೆ. ಹೆಬ್ಬೆರಳ ಬುಡದಲ್ಲಿ ಗಾಜು ಕೊಯ್ದ ಗೆರೆ. ಉಗುರಿನ ಸಂದಿಯಲ್ಲಿ ಸೀಸದ ಕಪ್ಪು. ಕಿರುಬೆರಳು ಸ್ವಲ್ಪ ಸೊಟ್ಟ.

"ಇಂಥ ಕೈಯಿಂದ ಏನೆಲ್ಲ ಮಾಡಿಸ್ಕೊಂಡೆಯಪ್ಪಾ," ಎಂದು ನಕ್ಕರು. ನನಗೆ ಹೇಳಿದ್ದಲ್ಲ. ಇವತ್ತಿನ ಪ್ರಾರ್ಥನೆ ಅಷ್ಟೇ. ನಾನೂ ಆಮೆನ್ ಅಂದೆ.

ಆಮೇಲೆ ನನ್ನ ಕೈ ಎಳೆದು ತಮ್ಮ ಕೈ ಪಕ್ಕ ಬಿಸಿಲಿಗಿಟ್ಟರು. "ಇದು ಹೇಗಿದೆ?"

"ನಿಮ್ಮದರ ಹಾಗೇ ಇದೆ ಮಾವ, ಥೇಟ್," ಎಂದೆ.