ಉಯ್ಯಾಲೆಗೆ ಛಾವಣಿ ಹಾಕಿಸಿದವರಿಗೆ

ನಗರದ ಉದ್ಯಾನಗಳನ್ನೂ ಮಕ್ಕಳ ಏಳಿಗೆಯನ್ನೂ ಒಂದೇ ಮೇಜಿನಿಂದ ನೋಡಿಕೊಳ್ಳುವ ಮಾನ್ಯರೇ,

ನಮ್ಮ ಬೀದಿಯ ಆಟದ ಬಯಲಿನಿಂದ ಉಯ್ಯಾಲೆ, ಜಾರುಬಂಡೆ, ತಿರುಗುವ ಚಕ್ರ ಎಲ್ಲವನ್ನೂ ನೀವು ಕಿತ್ತುಕೊಂಡು ಹೋಗಿ ವರ್ಷವಾಯಿತು. ಈಗ ನನ್ನ ಐದು ವರ್ಷದ ಮಗಳು ತರಗತಿಯಲ್ಲಿ ಒಂದು ಕಡೆ ಕೂರುವುದಿಲ್ಲ, ಪಕ್ಕದವರನ್ನು ತಳ್ಳುತ್ತಾಳೆ, ಕುರ್ಚಿಯನ್ನು ವಾಲಿಸಿ ಬೀಳುತ್ತಾಳೆ ಎಂದು ನಿಮ್ಮದೇ ಶಾಲೆ ದೂರುತ್ತಿದೆ. ನಡವಳಿಕೆ ಸುಧಾರಿಸದಿದ್ದರೆ ಜೊತೆಯ ಮಕ್ಕಳೆಲ್ಲ ಒಂದನೇ ತರಗತಿಗೆ ಹೋದರೂ ಇವಳನ್ನು ಕಳಿಸುವುದಿಲ್ಲವಂತೆ. ಬಯಲನ್ನು ಕಸಿದುಕೊಂಡವರೇ ಮಗು ಯಾಕೆ ಚಡಪಡಿಸುತ್ತಿದೆ ಎಂದು ತಾಯಿಯನ್ನು ವಿಚಾರಿಸುವುದು ಯಾವ ನ್ಯಾಯ?

ಮೊದಲೇ ಹೇಳಿಬಿಡುತ್ತೇನೆ, ನನಗೆ ಅನುಮಾನ ಜಾಸ್ತಿ. ಸಿಟಿ ಬಸ್ಸು ಹತ್ತಿ ಟಿಕೆಟ್ ತಪಾಸಣೆ ಮಾಡುವುದು ನನ್ನ ಕೆಲಸ. ಅನುಮಾನಪಡುವುದಕ್ಕೇ ಸಂಬಳ ಕೊಡುತ್ತಾರೆ. ಟಿಕೆಟ್ ಇಲ್ಲದವರಲ್ಲಿ ಕೆಲವರಿಗೆ ನನ್ನನ್ನು ಕಂಡ ಕೂಡಲೇ ನಿದ್ದೆ ಬರುತ್ತದೆ. ಕೆಲವರು ಕಿಟಕಿಯಾಚೆ ಏನೋ ಅದ್ಭುತ ಕಂಡವರಂತೆ ಕುತ್ತಿಗೆ ತಿರುಗಿಸುತ್ತಾರೆ. ಇನ್ನು ಕೆಲವರು ನಾನು ಕೇಳುವ ಮೊದಲೇ ವಿವರಣೆ ಶುರುಮಾಡುತ್ತಾರೆ. ಬಯಲಿನ ಗೇಟಿಗೆ ನೀವು ಅಂಟಿಸಿದ ಪ್ರಕಟಣೆ ಈ ಕೊನೆಯ ಬಗೆಯದು. 'ಮಕ್ಕಳ ಸುರಕ್ಷತೆಯ ಹಿತದೃಷ್ಟಿಯಿಂದ, ಮೇಲ್ದರ್ಜೆಗೇರಿಸುವ ಸಲುವಾಗಿ, ತಾತ್ಕಾಲಿಕವಾಗಿ' ಎಂದು ಬರೆದಿತ್ತು. ಒಂದು ಉಯ್ಯಾಲೆ ಕೀಳುವುದಕ್ಕೆ ಇಷ್ಟೊಂದು ಕಾರಣಗಳೇ? ಯಾವ ಮಗುವಿನ ಕೈ ಮುರಿದಿತ್ತು? ದೂರು ಕೊಟ್ಟವರು ಯಾರು? ಬೀದಿಯುದ್ದಕ್ಕೂ ಕೇಳಿದೆ, ಒಬ್ಬರೂ ಸಿಗಲಿಲ್ಲ. ಬಯಲಿನಲ್ಲಿ ಈಗ ನಿಮ್ಮ ಕಚೇರಿಯ ಕಾರುಗಳು ನಿಲ್ಲುತ್ತವೆ. ಒಂದಿಷ್ಟೂ ಅಲುಗಾಡದೆ, ಒಂದನ್ನೊಂದು ತಳ್ಳದೆ, ಬಹಳ ಶಿಸ್ತಿನಿಂದಿವೆ. ಅವುಗಳ ನಡವಳಿಕೆಯ ಬಗ್ಗೆ ಯಾರ ತಕರಾರೂ ಇಲ್ಲ.

ನಮ್ಮದು ಮೂರನೇ ಮಹಡಿಯ ಎರಡು ಕೋಣೆಯ ಮನೆ. ಮಗಳನ್ನು ನಾವು ಕರೆಯುವುದೇ ಬುಗುರಿ ಎಂದು. ಮೊದಲು ಸಂಜೆ ಮನಸಾರೆ ತೂಗಿ, ತಿರುಗಿ, ಬೆವರಿ ಬಂದರೆ ಉಂಡು ತೆಪ್ಪಗೆ ಕೂತು ಬಣ್ಣ ಹಚ್ಚುತ್ತಿದ್ದಳು. ಈಗ ಮನೆಯಲ್ಲಿ ನಾಲ್ಕು ಹೆಜ್ಜೆ ಓಡಿದರೆ ಕೆಳಗಿನ ಮನೆಯವರು ಪೊರಕೆಯ ಹಿಡಿಯಿಂದ ತಾರಸಿ ಕುಟ್ಟುತ್ತಾರೆ. ಅವಳು ಕಿಟಕಿಯ ಸರಳಿಗೆ ಜೋತುಬೀಳುತ್ತಾಳೆ, ನಾನು ಬೈಯುತ್ತೇನೆ, ಅವಳು ಕಿರುಚುತ್ತಾಳೆ. "ಅಲ್ಲ ಕಣೇ, ಮಗು ಮೈಯಲ್ಲಿರೋದು ಎಲ್ಲಿಗಾದ್ರೂ ಹೋಗ್ಬೇಕಲ್ವಾ? ಕೂತ್ಕೋ ಕೂತ್ಕೋ ಅಂದ್ರೆ ಅದೇನು ಆವಿ ಆಗುತ್ತಾ?" ಎಂದು ನಮ್ಮತ್ತೆ ಕೇಳುತ್ತಾರೆ.

'ಸಮತೋಲನದ ಕೊರತೆ' ಎಂದು ಬರೆದ ಚೀಟಿ ಕೊಟ್ಟು ಶಾಲೆ ನಮ್ಮನ್ನು ನಿಮ್ಮ ಹೊಸ 'ಸಮತೋಲನ ಮತ್ತು ಚಲನ ಕೇಂದ್ರ'ಕ್ಕೆ ಅಟ್ಟಿತು. ನಿಮ್ಮ ಕಚೇರಿಯ ಮೇಲಿನ ಮಹಡಿಯಲ್ಲೇ ಇದೆ, ಉದ್ಘಾಟಿಸಿದವರು ನೀವೇ. ಅಲ್ಲಿನ ಥೆರಪಿಸ್ಟ್ ಹುಡುಗಿ ಒಳ್ಳೆಯವಳು. "ಮೇಡಂ, ಕಿವಿ ಒಳಗೆ ಸಮತೋಲನ ನೋಡ್ಕೊಳ್ಳೋ ಒಂದು ಅಂಗ ಇರುತ್ತೆ. ಚಿಕ್ಕವಯಸ್ಸಲ್ಲಿ ತೂಗೋದು, ತಿರುಗೋದು, ಹತ್ತೋದು ಸಿಕ್ಕಿದ್ರೆ ಅದು ಚೆನ್ನಾಗಿ ಪಳಗುತ್ತೆ. ಸಿಗದೆ ಹೋದ್ರೆ ಕೆಲವು ಮಕ್ಕಳು ಚಡಪಡಿಸ್ಬಹುದು, ಗಮನ ನಿಲ್ಲದೆ ಇರಬಹುದು. ಎಲ್ಲಾ ಮಕ್ಕಳಿಗೂ ಹೀಗೇ ಅಂತ ನಾನು ಹೇಳಲ್ಲ" ಎಂದಳು. ಆ ಕೊನೆಯ ಮಾತಿನಿಂದಲೇ ನಾನು ಅವಳನ್ನು ನಂಬಿದ್ದು. ಇದಕ್ಕೆ ಚಿಕಿತ್ಸೆ ಏನು ಎಂದು ಕೇಳಿದೆ.

"ಉಯ್ಯಾಲೆ. ವಾರಕ್ಕೆ ಅರ್ಧ ಗಂಟೆ."

ನಾನು ಜೋರಾಗಿ ನಕ್ಕುಬಿಟ್ಟೆ. ಪಾಪ, ಯಾಕೆಂದು ಅವಳಿಗೆ ಗೊತ್ತಾಗಲಿಲ್ಲ.

ಪರದೆ ಸರಿಸಿದರೆ ನೀಲಿ ಚಾಪೆಯ ಮೇಲೆ, ಛಾವಣಿಯಿಂದ ಇಳಿಬಿಟ್ಟ ಹಳದಿ ಉಯ್ಯಾಲೆ. ಬುಗುರಿ ಓಡಿಹೋಗಿ ಹಲಗೆಯ ಬಲತುದಿಯಲ್ಲಿ ಒತ್ತಿ ಕೂತಳು. "ಮಧ್ಯದಲ್ಲಿ ಕೂತ್ಕೋ ಪುಟ್ಟಾ" ಎಂದಳು ಥೆರಪಿಸ್ಟ್. "ಮಧ್ಯ ಕೂತ್ರೆ ಆ ಕಡೆ ಜಾರುತ್ತೆ ಮಿಸ್. ಇದು ನಮ್ದು" ಎಂದಳು ಬುಗುರಿ. ಥೆರಪಿಸ್ಟ್ ಅವಳನ್ನು ಮಧ್ಯಕ್ಕೆ ಸರಿಸಿ ಮೆಲ್ಲಗೆ ತೂಗಿದಳು. ಹಲಗೆ ಎಡಕ್ಕೆ ವಾಲಿತು, ಮಗು ಜಾರಿತು, ಹಿಡಿದುಕೊಳ್ಳಬೇಕಾಯಿತು. ಎಡಗಡೆಯ ಸರಪಳಿ ಒಂದು ಕೊಂಡಿ ಉದ್ದ. ಬಯಲಿನಲ್ಲಿದ್ದಾಗಲೂ ಹಾಗೇ ಇತ್ತು. ನಾನು ಹಲಗೆಯ ಅಡಿಯನ್ನು ಉಗುರಿನಿಂದ ಕೆರೆದೆ. ಹಳದಿಯ ಕೆಳಗೆ ನಮ್ಮ ಬಯಲಿನ ಉಯ್ಯಾಲೆಯ ಹಸಿರು ಬಣ್ಣವಿತ್ತು.

ಮಾನ್ಯರೇ, ಅಪಾಯಕಾರಿ ಎಂದು ಕಿತ್ತ ಉಯ್ಯಾಲೆ ಛಾವಣಿಯ ಕೆಳಗೆ ಬಂದ ಕೂಡಲೇ ಔಷಧಿಯಾದದ್ದು ಹೇಗೆ? ವರ್ಷದ ಹಿಂದಿನ ಓರೆಯನ್ನು ಮೈಯಲ್ಲೇ ನೆನಪಿಟ್ಟುಕೊಂಡು ಸರಿಯಾದ ಜಾಗ ಹುಡುಕಿ ಕೂತ ಮಗುವಿಗೆ ಸಮತೋಲನದ ಕೊರತೆ ಎಂದು ಬರೆದವರು ಯಾರು? ಬಯಲು ಹೋದದ್ದರಿಂದ ಕೇಂದ್ರಕ್ಕೆ ಮಕ್ಕಳು ಸಿಕ್ಕರೋ, ಕೇಂದ್ರಕ್ಕೆ ಮಕ್ಕಳು ಬೇಕಾಗಿದ್ದರಿಂದ ಬಯಲು ಹೋಯಿತೋ? ಕೆಳಗಿಳಿದು ನಿಮ್ಮ ಕೈಕೆಳಗಿನವರನ್ನು ಕೇಳಿದೆ. "ಅದು ಮೇಲಿನವರ ತೀರ್ಮಾನ ಮೇಡಂ" ಎಂದು ಹೇಳಿ ಅವರು ಕಿಟಕಿಯಾಚೆ ನೋಡತೊಡಗಿದರು. ಹದಿನಾಲ್ಕು ವರ್ಷದ ಅನುಭವ ನನ್ನದು, ಅವರ ಹತ್ತಿರ ಟಿಕೆಟ್ ಇರಲಿಲ್ಲ. ಕೇಂದ್ರವೇ ಬೇಡ ಎನ್ನುವಷ್ಟು ಮೂರ್ಖಳಲ್ಲ ನಾನು. ಅದು ನಿಜವಾಗಿ ಬೇಕಾದ ಮಕ್ಕಳು, ನೆಟ್ಟಗೆ ನಿಲ್ಲಲೂ ಕಷ್ಟಪಡುವ ಮಕ್ಕಳು, ಹೊರಗೆ ನಮ್ಮ ಹಿಂದೆ ಸರದಿಯಲ್ಲಿದ್ದರು. ಬಯಲೊಂದಿದ್ದರೆ ಸಾಕಾಗುತ್ತಿದ್ದ ನನ್ನ ಮಗಳನ್ನು ಅವರ ಮುಂದೆ ನಿಲ್ಲಿಸಿದ್ದಕ್ಕೆ ನನಗೆ ನಾಚಿಕೆಯಾಯಿತು. ನಿಮಗೂ ಆಗಬೇಕು.

ಕಳೆದ ಭಾನುವಾರ ಕೆಳಗಿನ ಮನೆಯವರು ಊರಲ್ಲಿರಲಿಲ್ಲ. "ಬುಗುರೀ, ಇವತ್ತು ಎಷ್ಟು ಬೇಕಾದ್ರೂ ಕುಣಿ, ಯಾರೂ ಕುಟ್ಟಲ್ಲ" ಎಂದೆ. ಅವಳು ಗೋಡೆಗೆ ಬೆನ್ನು ಕೊಟ್ಟು, ಕೈ ಕಟ್ಟಿಕೊಂಡು ಕೂತಿದ್ದಳು. "ಬೇಡಮ್ಮ. ಕೂತೇ ಇದ್ರೆ ಒಂದನೇ ಕ್ಲಾಸಿಗೆ ಕಳಿಸ್ತಾರಂತೆ" ಎಂದಳು. ಆಡಲು ಕರೆದರೂ ಏಳಲಿಲ್ಲ. ನಮ್ಮತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಮರುದಿನ ಶಾಲೆಯವರು ಫೋನ್ ಮಾಡಿ, ಮಗು ತುಂಬಾ ಸುಧಾರಿಸಿದೆ ಎಂದು ಅಭಿನಂದಿಸಿದರು.

ಈ ಸುಧಾರಣೆ ನನಗೆ ಬೇಡ. ಬರುವ ಬೇಸಿಗೆ ರಜೆ ಮುಗಿಯುವುದರೊಳಗೆ ಕಾರುಗಳನ್ನು ತೆಗೆಸಿ, ಆ ಉಯ್ಯಾಲೆಯ ಸರಪಳಿ ಸರಿಮಾಡಿಸಿ, ಬಯಲಿಗೆ ವಾಪಸ್ ತಂದು ನಿಲ್ಲಿಸಿ. ಕೇಂದ್ರಕ್ಕೆ ಹೊಸದೊಂದು ಕೊಳ್ಳಿ. ನನ್ನ ಮಗಳನ್ನು ಅವಳ ಗೆಳತಿಯರ ಜೊತೆಗೇ ಒಂದನೇ ತರಗತಿಗೆ ಕಳಿಸಿ. ಓಡಿದರೂ ಕಳಿಸುತ್ತೇವೆ ಎಂದು ನೀವೇ ಬಂದು ಅವಳಿಗೆ ಹೇಳಿ. ನಾನು ಹೇಳಿದರೆ ಅವಳು ನಂಬುತ್ತಿಲ್ಲ.

ಇಂತಿ,
ಅಲುಗಾಡದೆ ಕೂತ ಮಗಳನ್ನು ಕಂಡು ಹೆದರಿರುವ ತಾಯಿ